13 ಅಂಕ ಹಿಂದೆ ಇದ್ದೇನೆ, ಇನ್ನು ಎರಡೇ ದಿನದ ರೇಸ್ ಉಳಿದಿದೆ. ಕುದುರೆ ಹೇಗೆ ಆರಿಸಲಿ?

ಕುವೆಂಪುನಗರದವಳು:
ಆಫೀಸಿನಲ್ಲಿ ನಾವು ಒಂಬತ್ತು ಜನ ಮೈಸೂರು ರೇಸಿನ ಮೇಲೆ ಒಂದು ಸ್ಪರ್ಧೆ ನಡೆಸುತ್ತಿದ್ದೇವೆ. ದುಡ್ಡಿಲ್ಲ, ಸೋತವರೆಲ್ಲ ಸೇರಿ ಗೆದ್ದವರಿಗೆ ಮೈಲಾರಿ ದೋಸೆ ಕೊಡಿಸಬೇಕು, ಅಷ್ಟೇ. ಪ್ರತಿ ರೇಸಿಗೆ ಒಬ್ಬರು ಒಂದು ಕುದುರೆ ಹೇಳಬೇಕು, ಬೆಳಗ್ಗೆ 11ರೊಳಗೆ ವಾಟ್ಸಾಪ್ ಗುಂಪಿನಲ್ಲಿ ಹಾಕಬೇಕು. ಕುದುರೆ ಗೆದ್ದರೆ ಅದರ ಆಡ್ಸ್ (ಒಂದು ರೂಪಾಯಿ ಬಾಜಿಗೆ ಎಷ್ಟು ಲಾಭ ಅನ್ನುವ ದರ) ಎಷ್ಟೋ ಅಷ್ಟು ಅಂಕ. ಒಂದಕ್ಕೆ ನಾಲ್ಕು ಇದ್ದರೆ 4 ಅಂಕ. ಎರಡನೇ ಸ್ಥಾನಕ್ಕೆ ಏನೂ ಇಲ್ಲ.

ನಾನು ಎಲ್ಲದರಲ್ಲೂ ಫೇವರಿಟ್, ಅಂದರೆ ಗೆಲ್ಲುತ್ತದೆ ಅಂತ ಜನ ಹೆಚ್ಚು ನಂಬಿದ, ಆಡ್ಸ್ ಕಡಿಮೆ ಇರುವ ಕುದುರೆಯನ್ನೇ ಹಾಕುತ್ತಾ ಬಂದೆ. 31 ರೇಸಲ್ಲಿ 11 ಗೆದ್ದಿದ್ದೇನೆ, ಆದರೂ 14 ಅಂಕ. ಮೊದಲ ಸ್ಥಾನದಲ್ಲಿರುವವರು ಬರೀ 6 ಗೆದ್ದು 27 ಅಂಕ ಮಾಡಿದ್ದಾರೆ! ಇನ್ನು 14 ರೇಸ್ ಇದೆ. ತುಂಬ ಬೇಜಾರಾಗಿದೆ, ಏನು ಮಾಡಲಿ?

ಲೆಕ್ಕದ ಮೇಷ್ಟ್ರು:
ಮೇಡಂ, ನಿಮ್ಮ ಆಯ್ಕೆ ಕೆಟ್ಟಿಲ್ಲ. ಫೇವರಿಟ್‌ಗಳು ಎಲ್ಲ ಕಡೆಯೂ ಮೂರರಲ್ಲಿ ಒಂದರಷ್ಟು ರೇಸ್ ಗೆಲ್ಲುತ್ತವೆ, ನಿಮಗೂ ಹಾಗೇ ಆಗಿದೆ. ಎಷ್ಟು ಗೆದ್ದಿರಿ ಅಂತ ಎಣಿಸುವ ಸ್ಪರ್ಧೆಯಾಗಿದ್ದರೆ ನೀವೇ ಮುಂದೆ ಇರುತ್ತಿದ್ದಿರಿ. ನಿಮ್ಮಲ್ಲಿ ಆಡ್ಸ್ ಎಣಿಸುತ್ತಾರೆ, ಅದಕ್ಕೇ ಏಟು ಬಿದ್ದಿರುವುದು.

ಈಗ ಒಂದೇ ದಾರಿ. ಮುಂದಿರುವವರು ಹಾಕಿದ ಕುದುರೆಯನ್ನೇ ನೀವೂ ಹಾಕಿದರೆ ಅದು ಗೆದ್ದರೂ ಸೋತರೂ ಅಂತರ ಹಾಗೇ ಉಳಿಯುತ್ತದೆ ಅಲ್ವಾ? ಅವರು ಗುಂಪಿನಲ್ಲಿ ಹಾಕುವವರೆಗೆ ಕಾಯಿರಿ, ಆಮೇಲೆ ಬೇರೆಯದನ್ನು ಹಾಕಿ. ಆದರೆ ಒಂದಕ್ಕೆ ಇಪ್ಪತ್ತು, ಮೂವತ್ತರ ಹಿಂದೆ ಹೋಗಬೇಡಿ. ಒಂದಕ್ಕೆ ನಾಲ್ಕರಿಂದ ಎಂಟರವರೆಗಿನ ಕುದುರೆ ಎರಡೋ ಮೂರೋ ಬಂದರೆ ಸಾಕು, ನೀವು ಸಮಕ್ಕೆ ಬರುತ್ತೀರಿ. ಐದಾರೇ ಕುದುರೆ ಓಡುವ ರೇಸಲ್ಲಿ ಈ ಸಾಹಸ ಬೇಡ, ಹತ್ತಕ್ಕಿಂತ ಜಾಸ್ತಿ ಇರುವ ಕಡೆ ಹುಡುಕಿ.

ಇಟ್ಟಿಗೆಗೂಡಿನ ಹಳಬ:
ಮೇಷ್ಟ್ರ ಮಾತು ಸರಿ. ಆದರೆ ಆ ನಾಲ್ಕರಿಂದ ಎಂಟರ ನಡುವೆ ಯಾವುದನ್ನು ಹಿಡಿಯುವುದು? 1996ರಲ್ಲಿ ಸುಪ್ರೀಂ ಕೋರ್ಟ್ ಕುದುರೆ ರೇಸು ಕೌಶಲದ ಆಟ ಅಂತ ಹೇಳಿತು. ಆ ಕೌಶಲ ರೇಸ್ ಬುಕ್, ಅಂದರೆ ಆ ದಿನ ಓಡುವ ಕುದುರೆಗಳ ವಿವರ ಇರುವ ಪುಸ್ತಕ, ಓದುವುದರಲ್ಲಿದೆ ತಾಯಿ.

ನಾನು ಮೊದಲು ನೋಡುವುದು ಕ್ಲಾಸು, ಅಂದರೆ ಕುದುರೆಯ ಸಾಮರ್ಥ್ಯಕ್ಕೆ ಕೊಟ್ಟ ಅಂಕದ (ರೇಟಿಂಗ್) ಮೇಲೆ ಮಾಡಿದ ದರ್ಜೆ. ಕೆಲವು ಓಟ ಸೋತು ರೇಟಿಂಗ್ ಇಳಿದು ಕೆಳಗಿನ ಕ್ಲಾಸಿಗೆ ಬಂದ ಕುದುರೆ, ಅದೂ ಹಿಂದೆ ಇದೇ ದೂರದಲ್ಲಿ ಗೆದ್ದಿದ್ದರೆ, ಅದರ ಮೇಲೆ ಜನರಿಗೆ ನಂಬಿಕೆ ಹೋಗಿರುತ್ತದೆ, ಆಡ್ಸ್ ಚೆನ್ನಾಗಿರುತ್ತದೆ. ಹೋದ ಸಲ ಗೆದ್ದ ಕುದುರೆಗೆ ಭಾರ ಜಾಸ್ತಿ ಹಾಕಿರುತ್ತಾರೆ, 1200 ಮೀಟರಿಗೆ ಅದು ಹೇಗೋ ತಡೆದುಕೊಳ್ಳಬಹುದು, ಆದರೆ ಮಳೆ ಬಿದ್ದ ಹುಲ್ಲಿನ ಮೇಲೆ 1600 ಓಡುವಾಗ ಕೊನೇ 200 ಮೀಟರಲ್ಲಿ ಆ ಭಾರ ಎದ್ದು ಕಾಣುತ್ತದೆ. ಬೆಳಗ್ಗೆ ಪೆನಟ್ರೋಮೀಟರ್ (ನೆಲ ಎಷ್ಟು ಗಟ್ಟಿ ಅಂತ ಅಳೆಯುವ ಸಾಧನ) ಅಂಕಿ ಹೇಳುತ್ತಾರೆ, ಅಂಕಿ ಹೆಚ್ಚಿದಷ್ಟೂ ನೆಲ ಮೆತ್ತಗಿದೆ ಅಂತ ಅರ್ಥ. ಮೆತ್ತನೆ ನೆಲದಲ್ಲಿ ಹಿಂದೆ ಓಡಿ ಗೆದ್ದಿದೆಯೋ ನೋಡಿ.

ಇನ್ನೊಂದು. ರೇಸಿಗೆ ಮುಂಚೆ ಕುದುರೆಗಳನ್ನು ನಡೆಸಾಡಿಸುವ ಪ್ಯಾಡಕ್ಕಿನ ಹತ್ತಿರ ನಿಂತು ನೋಡಿ. ಕತ್ತಿನ ಮೇಲೆ ಬೆವರು ಹೊಳೆಯುತ್ತಾ, ಹಿಂಗಾಲುಗಳ ಸಂದಿಯಲ್ಲಿ ಬಿಳೀ ನೊರೆ ಕಟ್ಟಿ, ಹಿಡಿದುಕೊಂಡ ಹುಡುಗನನ್ನು ಕುದುರೆ ಎಳೆದಾಡುತ್ತಿದ್ದರೆ ಅದರ ಶಕ್ತಿ ಅಲ್ಲೇ ಖರ್ಚಾಗುತ್ತಿದೆ. 11ರ ಗಡುವಿಗೆ ಅವತ್ತು ಇದು ಉಪಯೋಗಕ್ಕೆ ಬರುವುದಿಲ್ಲ. ಆದರೆ ಬರೆದಿಟ್ಟುಕೊಳ್ಳಿ, ಅದೇ ಕುದುರೆ ಮುಂದಿನ ಸಲ ಓಡಲು ಬಂದಾಗ, ಹಿಂದೆ ಯಾಕೆ ಸೋತಿತು ಅಂತ ನಿಮಗೆ ಮಾತ್ರ ಗೊತ್ತಿರುತ್ತದೆ.

ಮಂಡ್ಯದ ಹುಡುಗ:
ಅಕ್ಕ, ದುಡ್ಡು ಕೊಟ್ಟು ಟಿಪ್ಸ್ ಮಾತ್ರ ತಗೋಬೇಡಿ. ನಾನೂ ನನ್ನ ಸ್ನೇಹಿತನೂ ಬೇರೆ ಬೇರೆ ನಂಬರಿನಿಂದ ಟಿಪ್ಸ್ ಕೊಡುವ ಒಂದೇ ಕಡೆ ದುಡ್ಡು ಕಟ್ಟಿ ಸೇರಿದ್ದೆವು. ಒಂದೇ ರೇಸಿಗೆ ನನಗೊಂದು ಕುದುರೆ, ಅವನಿಗೊಂದು ಕುದುರೆ, ಎರಡಕ್ಕೂ 'ಗ್ಯಾರಂಟಿ' ಅಂತ ಬರೆದಿತ್ತು. ಯಾರಿಗೋ ಒಬ್ಬರಿಗೆ ಬಂದೇ ಬರುತ್ತದೆ, ಅವರು ಮತ್ತೆ ದುಡ್ಡು ಕಟ್ಟುತ್ತಾರೆ. ನನಗೆ ಹೋದ ದುಡ್ಡಿಗಿಂತ ಅಪ್ಪನ ಹತ್ತಿರ ಸುಳ್ಳು ಹೇಳಿದ್ದೇ ಈಗಲೂ ನೋವು. ನಿಮ್ಮ ಸ್ಪರ್ಧೆ ದೋಸೆಗೇ ಇರಲಿ, ದಯವಿಟ್ಟು.

ಕುವೆಂಪುನಗರದವಳು:
ಎಲ್ಲರಿಗೂ ಥ್ಯಾಂಕ್ಸ್. ಹೌದು ತಮ್ಮ, ದೋಸೆಗೇ ಇರುತ್ತದೆ. ಈಗಷ್ಟೇ ರೇಸ್ ಬುಕ್ ತೆರೆದೆ. ನಾಲ್ಕನೇ ರೇಸು 1600 ಮೀಟರು, 12 ಕುದುರೆ. ಹಳಬರು ಹೇಳಿದ ಹಾಗೆ ಕ್ಲಾಸು ಇಳಿದು ಬಂದದ್ದು ಒಂದಿದೆ, ಭಾರವೂ ಕಡಿಮೆ. ಬೆಟ್ಟದ ಕಡೆ ರಾತ್ರಿಯಿಂದ ಮಳೆ. ಪೆನಟ್ರೋಮೀಟರ್ ಅಂಕಿ ನೋಡಿಕೊಂಡು, ಮೊದಲ ಸ್ಥಾನದವರು ಹಾಕಿದ ಮೇಲೆ, 10:55ಕ್ಕೆ ನನ್ನದು ಹಾಕುತ್ತೇನೆ.