ಗ್ರಾಫಿಕ್ಸ್ (ಅಚ್ಚುಕಲೆ) ಹಳೇ ಬ್ಯಾಚ್ ಗುಂಪು: ಒಂದೇ ಪ್ಲೇಟಾ, ಮೂರಾ?

ಮಂಜು: (ವರ್ಕ್‌ಶಾಪ್ ಪೋಸ್ಟರ್ ಫಾರ್ವರ್ಡ್) ‘ಕೃಷ್ಣಾ ರೆಡ್ಡಿ ಶೈಲಿಯ ವಿಸ್ಕಾಸಿಟಿ ಪ್ರಿಂಟ್! ಒಂದೇ ಭಾನುವಾರ, ಮೂರು ಪ್ಲೇಟ್, ಮೂರು ಬಣ್ಣ. ಜಯನಗರ.’ ಯಾರ್ ಬರ್ತೀರಾ?

ಶೋಭಾ: ಮೂರು ಪ್ಲೇಟ್ ಅಂದ್ಮೇಲೆ ಅದು ವಿಸ್ಕಾಸಿಟಿ ಹೇಗಾಗತ್ತೋ? ವಿಸ್ಕಾಸಿಟಿ ಅಂದ್ರೆ ಇಂಕಿನ ಹದ, ಗಟ್ಟಿ-ತೆಳು; ಆ ವ್ಯತ್ಯಾಸದಿಂದ್ಲೇ ಬಣ್ಣ ಬೇರೆ ಆಗೋದು. ಲೋಹದ ಪ್ಲೇಟ್ ಒಂದೇ. ಬಣ್ಣ ಎಲ್ಲಾ ಅದರ ಮೇಲೇ ಕೂತು, ಒಂದೇ ಸಲಕ್ಕೆ ಪೇಪರಿಗೆ ಇಳೀಬೇಕು.

ಇಮ್ರಾನ್: ಹೊಸಬರಿಗೆ ರುಚಿ ಹತ್ತಲಿ ಅಂತ ಸುಲಭ ಮಾಡಿರ್ತಾರೆ ಬಿಡಿ ಮೇಡಂ. ಕೃಷ್ಣಾ ರೆಡ್ಡಿ ಅವರೂ ಮೇಷ್ಟ್ರೇ ಅಲ್ವಾ, ಬೇಜಾರು ಮಾಡ್ಕೋತಿರ್ಲಿಲ್ಲ.

ನಾಗರಾಜ್: ಮೇಷ್ಟ್ರು ಹೌದು. ಶಾಂತಿನಿಕೇತನದಲ್ಲಿ ಕಲಿತು, ಮದರಾಸಿನ ಕಲಾಕ್ಷೇತ್ರದಲ್ಲಿ ಪಾಠ ಮಾಡಿ, ಆಮೇಲೆ ಲಂಡನ್, ಪ್ಯಾರಿಸ್. ಕೊನೆಗೆ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರು. 1972ರಲ್ಲಿ ಪದ್ಮಶ್ರೀ. ಆದರೆ ಮರೀಬೇಡಿ, ಆ ಮನುಷ್ಯ ಶಿಲ್ಪ ಕಲಿತವರು. ಹೆನ್ರಿ ಮೂರ್, ಝಾಡ್‌ಕಿನ್ ಕೈಕೆಳಗೆ. ಅದಕ್ಕೇ ಪ್ಲೇಟನ್ನ ಕೆತ್ತಿ, ಕೊರೆದು, ಎತ್ತರ-ತಗ್ಗಿನ ಬೇರೆಬೇರೆ ಮಟ್ಟ ಮಾಡಿದ್ರು. ಆ ಮಟ್ಟ ಇಲ್ದಿದ್ರೆ ಮಿಕ್ಕಿದ್ದೆಲ್ಲಾ ಸುಳ್ಳು.

ಇಮ್ರಾನ್: ಹಾಗಾದ್ರೆ ಪೋಸ್ಟರಲ್ಲಿ ‘ಕೃಷ್ಣಾ ರೆಡ್ಡಿ ಶೈಲಿ’ ಅಂತ ಅವರೊಬ್ಬರ ಹೆಸರೇ ಹಾಕಿರೋದೂ ತಪ್ಪೇ?

ನಾಗರಾಜ್: ಪ್ಯಾರಿಸ್ಸಿನಲ್ಲಿ ಹೇಟರ್ ಅವರ ಅಚ್ಚುಕಲೆ ಸ್ಟುಡಿಯೋ ಅಟೆಲಿಯೆ 17ರಲ್ಲಿ ಬೆಳೆದದ್ದು ಈ ಪದ್ಧತಿ. ಇನ್ನೊಬ್ಬ ಭಾರತೀಯ ಕಲಾವಿದ ಕೈಕೋ ಮೋಟಿ ಕೂಡ ಅಲ್ಲಿದ್ದರು. ಒಬ್ಬರ ಹೆಸರಿಗೆ ಬರೆದುಕೊಡೋ ಆಸ್ತಿ ಅಲ್ಲ.

ಶೋಭಾ: ಒಂದು ದಿನದಲ್ಲಿ ಆಗಲ್ಲ ಅನ್ನೋದಕ್ಕೆ ಕಾರಣ ಕೇಳಿ. ಜಿಂಕ್ ಪ್ಲೇಟಲ್ಲಿ ಗೆರೆ ಕೊರೆಸೋಕೆ ನೈಟ್ರಿಕ್ ಆಸಿಡ್ 1 ಭಾಗ, ನೀರು 8ರಿಂದ 10 ಭಾಗ. ನೀರಿಗೆ ಆಸಿಡ್ ಹಾಕಬೇಕು, ಆಸಿಡ್‌ಗೆ ನೀರಲ್ಲ. ಬೇಗ ಆಗ್ಲಿ ಅಂತ ಸ್ಟ್ರಾಂಗ್ ಮಾಡಿದ್ರೆ ಗೆರೆ ಆಳಕ್ಕೆ ಇಳಿಯೋ ಬದಲು ಪಕ್ಕಕ್ಕೆ ತಿನ್ನತ್ತೆ, ಗ್ರೌಂಡ್ (ಆಸಿಡ್ ತಡೆಯೋ ಲೇಪ) ಎದ್ದುಹೋಗತ್ತೆ. ಏಳೋ ಗುಳ್ಳೆಗಳನ್ನ ಹಕ್ಕಿ ಗರಿಯಲ್ಲಿ ಸವರ್ತಾ ಇರಬೇಕು, ಇಲ್ಲಾಂದ್ರೆ ಚುಕ್ಕೆ ಬೀಳತ್ತೆ. ಇದು ಬರೀ ಮೊದಲ ಮಟ್ಟ. ಆ ಹೊಗೆಗೆ ಜಯನಗರದ ಗ್ಯಾರೇಜಲ್ಲಿ ಎಕ್ಸಾಸ್ಟ್ ಇರತ್ತಾ?

ಮಂಜು: ಪ್ಲೇಟ್ ರೆಡಿ ಮಾಡಿಟ್ಟಿರ್ತಾರಂತೆ ಅಕ್ಕಾ.

ಶೋಭಾ: ಸರಿ, ರೋಲರ್? ಮೊದಲು ಗಟ್ಟಿ ಇಂಕ್ ಗೆರೆಗೆ ತುಂಬಿ, ಮೇಲಿಂದ ಒರೆಸೋದು. ಆಮೇಲೆ ಗಟ್ಟಿ ರೋಲರಲ್ಲಿ ತೆಳು ಇಂಕ್, ಅಗಸೆ ಎಣ್ಣೆ ಬೆರೆಸಿ ಚಾಕುವಿನಿಂದ ಜಾರೋ ಹಾಗೆ. ಅದು ಮೇಲಿನ ಮಟ್ಟಕ್ಕೆ ಮಾತ್ರ ಹತ್ತತ್ತೆ. ಕೊನೆಗೆ ಮೆದು ರೋಲರಲ್ಲಿ ಗಟ್ಟಿ ಇಂಕ್, ಅದು ತಗ್ಗಿಗೂ ಇಳಿಯತ್ತೆ. ಎಣ್ಣೆ ಪದರ ಗಟ್ಟಿ ಇಂಕನ್ನ ಹತ್ತಿರಕ್ಕೆ ಬಿಡಲ್ಲ, ಅದೇ ಆಟ. ಎರಡೂ ಒಂದೇ ಹದ ಇದ್ರೆ ಬರೋದು ಕೆಸರು.

ನಾಗರಾಜ್: ಆ ಎರಡೂ ರೋಲರ್ ಒಂದೊಂದೇ ಸುತ್ತಲ್ಲಿ ಪ್ಲೇಟ್ ದಾಟಬೇಕು. 30 ಸೆಂ.ಮೀ. ಪ್ಲೇಟಿಗೆ ಹೆಚ್ಚುಕಡಿಮೆ 10 ಸೆಂ.ಮೀ. ವ್ಯಾಸ, ಸುತ್ತಳತೆ 31 ಆಗತ್ತೆ. ಸಣ್ಣದಿದ್ರೆ ಎರಡನೇ ಸುತ್ತಿನಲ್ಲಿ ಮೊದಲ ಸುತ್ತಿನ ಚಿತ್ರದ ನೆರಳೇ ವಾಪಸ್ ಅಚ್ಚಾಗತ್ತೆ.

ಇಮ್ರಾನ್: ಒಪ್ಪಿದೆ. ಆದ್ರೂ ಅಂಗೈಯಷ್ಟು ಪ್ಲೇಟ್, ಎರಡು ಬಣ್ಣ, ಒಂದು ದಿನ... ಅದು ಆಗತ್ತೆ ಸರ್.

ಶೋಭಾ: ಆಗತ್ತೆ. ಹಾಗಂತಲೇ ಪೋಸ್ಟರಲ್ಲಿ ಬರೀಲಿ. ಮಂಜು, ರೋಲರ್ ಸೈಜ್ ಕೇಳು.

ಮಂಜು: ಕೇಳ್ದೆ ಅಕ್ಕಾ. ‘ರೋಲರ್ ನೀವೇ ತನ್ನಿ’ ಅಂದ್ರು 😐