ಮೊದಲ ಮಹಾಯುದ್ಧದ ಕಂಚಿನ ಬಿಲ್ಲೆ: ಇದರಿಂದ ಸೈನಿಕನ ಜಾಡು ಹಿಡಿಯಬಹುದೆ?

ಹಳೇಪೆಟ್ಟಿಗೆ:
ಅಂಗೈ ಅಗಲದ ಕಂಚಿನ ಬಿಲ್ಲೆ. ಬ್ರಿಟಾನಿಯಾ (ಬ್ರಿಟನ್ನಿನ ಸಂಕೇತವಾದ ಸ್ತ್ರೀರೂಪ), ಸಿಂಹದ ಚಿತ್ರ, ಚೌಕಟ್ಟಿನಲ್ಲಿ ಮುತ್ತಜ್ಜನ ತಮ್ಮನ ಹೆಸರು. ರ‍್ಯಾಂಕ್, ನಂಬರ್, ರೆಜಿಮೆಂಟ್ ಏನೂ ಇಲ್ಲ. ಜೊತೆಗೆ ರಿಬ್ಬನ್ ಹೋದ ಒಂದು ಪದಕ. ಇರಾಕಿನ ಬಸ್ರಾಕ್ಕೆ ಹೋದವರು ಅನ್ನುವುದಷ್ಟೇ ಗೊತ್ತು. ಇಂಡಿಯಾ ಗೇಟಿನಲ್ಲಿ ಹೆಸರಿಲ್ಲ. ಎಲ್ಲಿ ಹುಡುಕಲಿ? ಬಿಲ್ಲೆ ತಿಕ್ಕಿ ಫ್ರೇಮ್ ಹಾಕಿಸಬಹುದೆ?

ನಾಣ್ಯಪ್ರಿಯ:
ಮೊದಲು ಕೈಯಲ್ಲಿರೋ ಹುಣಸೆಹಣ್ಣು ಕೆಳಗಿಡಿ! ಹುಳಿ ಕಂಚಿನ ಮೇಲ್ಪದರ ತಿನ್ನುತ್ತೆ, ಉಬ್ಬಿದ ಅಕ್ಷರ ಸವೆಯುತ್ತೆ. ಒಣ ಹತ್ತಿಬಟ್ಟೆಯಲ್ಲಿ ಧೂಳು ಒರೆಸಿದರೆ ಸಾಕು. 120 ಮಿ.ಮೀ. ಅಗಲವಿದ್ದು, ಹೆಸರು ಕೊರೆದದ್ದಾಗಿರದೆ ಎರಕದಲ್ಲೇ ಉಬ್ಬಿದ್ದರೆ ಅದು ಸತ್ತವರ ಮನೆಗೆ ಕೊಟ್ಟ ಸ್ಮರಣ ಫಲಕ. ಸಾವಿನಲ್ಲಿ ಮೇಲುಕೀಳು ಬೇಡವೆಂದು ರ‍್ಯಾಂಕ್ ಬೇಕೆಂದೇ ಬಿಟ್ಟಿದ್ದಾರೆ. ಹಾಗಾಗಿ ಬಿಲ್ಲೆಯೊಂದರಿಂದಲೇ ಜಾಡು ಸಿಗಲ್ಲ.

ಸುಳಿವಿರುವುದು ಪದಕದ ಅಂಚಿನಲ್ಲಿ. ನಂಬರ್, ರ‍್ಯಾಂಕ್, ಹೆಸರು, ತುಕಡಿ ಅಲ್ಲಿ ಸಣ್ಣಕ್ಷರದಲ್ಲಿ ಒತ್ತಿರುತ್ತವೆ. ಟಾರ್ಚನ್ನು ನೇರ ಹಿಡಿಯಬೇಡಿ, ಓರೆಯಾಗಿ ಬಿಟ್ಟು ಅಂಚನ್ನು ನಿಧಾನಕ್ಕೆ ತಿರುಗಿಸಿ. ಸವೆದಿದ್ದರೆ ತೆಳು ಕಾಗದ ಸುತ್ತಿ ಪೆನ್ಸಿಲ್ಲಿನಿಂದ ಉಜ್ಜಿ. ‘ಎಸ್ ಅಂಡ್ ಎಂ’ ಅಂದರೆ ಸ್ಯಾಪರ್ಸ್ ಅಂಡ್ ಮೈನರ್ಸ್, ಸೇನೆಯ ಎಂಜಿನಿಯರಿಂಗ್ ದಳ. ಇನ್ನೊಂದು ಮಾತು: ಐದನೇ ಜಾರ್ಜ್ ದೊರೆಯ ತಲೆಯಿರುವ ಪದಕ ಸಾಮಾನ್ಯವಾಗಿ ಬೆಳ್ಳಿಯದು. ನಿಮ್ಮದು ಕಂಚಿನದಾಗಿದ್ದರೆ ಅವರು ಕೂಲಿ ಕೆಲಸದ ಲೇಬರ್ ಕೋರ್‌ನಂಥ ತುಕಡಿಯಲ್ಲಿ ಇದ್ದಿರಬಹುದು.

ದಫ್ತರ:
ಇಂಡಿಯಾ ಗೇಟ್ ನೋಡಿ ನಿರಾಶರಾಗಬೇಡಿ. ಅಲ್ಲಿ ಕೆತ್ತಿರುವ ಸುಮಾರು 13,000 ಹೆಸರುಗಳು ವಾಯವ್ಯ ಗಡಿ ಮತ್ತು 1919ರ ಆಫ್ಘನ್ ಯುದ್ಧದವು. ಮೆಸೊಪೊಟೇಮಿಯಾದಲ್ಲಿ (ಈಗಿನ ಇರಾಕ್) ಸತ್ತು ಸಮಾಧಿ ಗೊತ್ತಿಲ್ಲದವರು ಬಸ್ರಾ ಸ್ಮಾರಕಕ್ಕೆ ಸೇರುತ್ತಾರೆ. ಅದರ ಫೋಟೋದಲ್ಲೂ ಹೆಸರು ಹುಡುಕಬೇಡಿ: ಭಾರತೀಯ ಅಧಿಕಾರಿಗಳ ಹೆಸರಷ್ಟೇ ಕಲ್ಲಿನ ಮೇಲಿದೆ, ಸಿಪಾಯಿಗಳದ್ದು ರೆಜಿಮೆಂಟಿನ ಕೆಳಗೆ ‘ಇಷ್ಟು ಮಂದಿ’ ಎಂಬ ಲೆಕ್ಕ ಮಾತ್ರ. (ಅನ್ಯಾಯವೇ, ಬೇರೆ ಮಾತಿಲ್ಲ.)

ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ನಿನ (ಯುದ್ಧದಲ್ಲಿ ಸತ್ತ ಸೈನಿಕರ ಸಮಾಧಿ, ಸ್ಮಾರಕ ನೋಡಿಕೊಳ್ಳುವ ಸಂಸ್ಥೆ) ಜಾಲತಾಣದಲ್ಲಿ ಹೆಸರಿಗಿಂತ ಮೊದಲು ಸರ್ವಿಸ್ ನಂಬರ್ ಹಾಕಿ. ಗುಮಾಸ್ತರು ಕಿವಿಗೆ ಬಿದ್ದಂತೆ ಬರೆದುಕೊಂಡ ಕಾಲ, ವೆಂಕಟಪ್ಪ ಎಂಕಟಪ್ಪನೂ ಆಗಿರಬಹುದು. ನಂಬರ್ ಇಲ್ಲದಿದ್ದರೆ ಹೆಸರಿನ ಮೊದಲ ನಾಲ್ಕೈದು ಅಕ್ಷರ ಕೊಟ್ಟು, ಮೊದಲ ಮಹಾಯುದ್ಧ, ಭಾರತೀಯ ಸೇನೆ ಎಂದು ಸೋಸಿ. ಕೆಲವು ನಮೂದುಗಳಲ್ಲಿ ತಂದೆಯ ಹೆಸರು, ಊರು, ತಾಲ್ಲೂಕು ಇರುತ್ತವೆ. ಅವು ತಾಳೆಯಾಗದೆ ಒಪ್ಪಿಕೊಳ್ಳಬೇಡಿ, ಒಂದೇ ಹೆಸರಿನವರು ಬಹಳ.

ಹಳೇಪೆಟ್ಟಿಗೆ:
ಅಂಚಿನಲ್ಲಿ ನಂಬರ್ ಮಸುಕಾಗಿ ಕಾಣುತ್ತಿದೆ. ಒಂದು ವೇಳೆ ಊರಿಗೆ ಮರಳಿ ಕಾಯಿಲೆಯಿಂದ ಸತ್ತಿದ್ದರೆ?

ದಫ್ತರ:
ಸೇವೆಯಲ್ಲಿದ್ದಾಗಲೇ ತೀರಿಕೊಂಡಿದ್ದರೆ ಕಾಯಿಲೆಯೂ ಕಮಿಷನ್ನಿನ ಲೆಕ್ಕಕ್ಕೆ ಬರುತ್ತೆ. ಬಿಡುಗಡೆಯಾದ ಮೇಲಾದರೆ ಆ ಕಾಯಿಲೆ ಸೇವೆಯಿಂದಲೇ ಬಂದದ್ದಾಗಿರಬೇಕು. ಎರಡರಲ್ಲೂ ಸಾವು 31 ಆಗಸ್ಟ್ 1921ರೊಳಗೆ ಆಗಿರಬೇಕು.

ನಾಣ್ಯಪ್ರಿಯ:
ಫ್ರೇಮಿಗೆ ಅಂಟು ಬೇಡ. ಪದಕದ ಅಂಚು ಕಾಣುವ ಹಾಗೆ ಕೂರಿಸಿ.