ಸಹಾಯ ಬೇಕು: ವಿಲ್‌ನಲ್ಲಿ ಮಕ್ಕಳ ಆರೋಗ್ಯ ಸಂಸ್ಥೆಗೆ ಪಾಲು ಬರೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ವಿಲ್ ಬರೆಯಲು ಕೂತು ಮೂರು ವಾರ ಆಯಿತು. ಒಂದೇ ಒಂದು ಸಾಲಿನಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ.

ಮನೆ, ಉಳಿತಾಯ ಇಬ್ಬರು ಮಕ್ಕಳಿಗೆ. ಅದರಲ್ಲಿ ತಕರಾರಿಲ್ಲ. ಒಂದು ಸಣ್ಣ ಪಾಲು ಮಾತ್ರ ಹೃದಯದ ತೊಂದರೆ ಇರುವ ಮಕ್ಕಳಿಗೆ ಚಿಕಿತ್ಸೆ ಕೊಡಿಸುವ ಸಂಸ್ಥೆಗೆ ಹೋಗಲಿ ಅಂತ ಆಸೆ. ಮಗಳು ಚಿಕ್ಕವಳಿದ್ದಾಗ ನಮ್ಮ ಕೈ ಹಿಡಿದವರು ಅವರೇ.

ಮೊದಲು ಇಂತಿಷ್ಟು ಹಣ ಅಂತ ಬರೆದೆ. ಆಮೇಲೆ ಲೆಕ್ಕ ಹಾಕಿದೆ. ಬೆಲೆಗಳು ವರ್ಷಕ್ಕೆ ಶೇ. 6ರಷ್ಟು ಏರಿದರೆ 12 ವರ್ಷದಲ್ಲಿ ಆ ದುಡ್ಡಿನ ಬೆಲೆ ಅರ್ಧ ಆಗಿಬಿಡುತ್ತದೆ! ಅದನ್ನು ಹೊಡೆದು ಹಾಕಿ, ಸಾಲ, ಖರ್ಚು ಎಲ್ಲ ಕಳೆದು ಉಳಿದದ್ದರಲ್ಲಿ ಶೇ. 10 ಅಂತ ಮಾಡಿದೆ. ಸಂಸ್ಥೆಗೆ ಫೋನ್ ಮಾಡಿ ಪೂರ್ತಿ ಹೆಸರು, ನೋಂದಣಿ ಸಂಖ್ಯೆಯನ್ನೂ ಬರೆದುಕೊಂಡೆ. ಒಂದೇ ಥರದ ಹೆಸರಿನವು ಎಷ್ಟೋ ಇರುತ್ತವೆ ಅಲ್ವಾ.

ಗೊಂದಲ ಇರುವುದು ಮುಂದೆ. ನಾನು ಹೋಗುವ ಹೊತ್ತಿಗೆ ಆ ಸಂಸ್ಥೆ ಮುಚ್ಚಿದ್ದರೆ? ಬೇರೊಂದರ ಜೊತೆ ಸೇರಿಹೋಗಿದ್ದರೆ? 'ಹೃದಯ ಶಸ್ತ್ರಚಿಕಿತ್ಸೆಗೆ ಮಾತ್ರ' ಅಂತ ಷರತ್ತು ಹಾಕಿದ್ದೆ. ಅವರು ಆ ಕೆಲಸ ನಿಲ್ಲಿಸಿದ್ದರೆ ಹಣ ಸುಮ್ನೆ ಕೊಳೆಯುತ್ತದೆ ಅಂತ ಸ್ನೇಹಿತರೊಬ್ಬರು ಹೆದರಿಸಿದರು. ಷರತ್ತು ತೆಗೆಯಲು ಮನಸ್ಸು ಒಪ್ಪುತ್ತಿಲ್ಲ.

ಇಂಥ ವಿಲ್ ಬರೆದವರು, ವಕೀಲರು ಯಾರಾದರೂ ಇದ್ದರೆ ಹೇಳಿ. 'ಹೃದಯ ಶಸ್ತ್ರಚಿಕಿತ್ಸೆಗೆ ಮಾತ್ರ' ಅನ್ನುವುದನ್ನು ಷರತ್ತಾಗಿಯೇ ಉಳಿಸಲೋ, ಬರೀ ನನ್ನ ಇಚ್ಛೆ ಅಂತ ಬರೆಯಲೋ? ಬದಲಿಗೆ ಇನ್ನೊಂದು ಸಂಸ್ಥೆಯ ಹೆಸರು ನಾನೇ ಬರೆಯಬೇಕಾ, ಅಥವಾ ಆ ಆಯ್ಕೆಯನ್ನು ವಿಲ್ ಜಾರಿ ಮಾಡುವವರಿಗೆ ಬಿಡಬಹುದಾ?